ಯಂತ್ರದೊಡನೆ ಸಂಭಾಷಣೆ

ಮಳೆಗಾಲದ ಒಂದು ಮುಂಜಾನೆ ಕಾರ್ಗಲ್ಲಿನ ಅಡಿಕೆ ಬೆಳೆಗಾರರೊಬ್ಬರು ದೂರವಾಣಿಯಲ್ಲಿ, "ಸಾಗರದಲ್ಲಿ ಕೆಂಪುಗೋಟಿಗೆ ಎಷ್ಟಿದ್ದು?" ಎಂದು ಕೇಳುತ್ತಾರೆಂದು ಭಾವಿಸೋಣ. ಉತ್ತರ ಹೇಳಬೇಕಾದುದು ಮನುಷ್ಯನಲ್ಲ, ಒಂದು ಗಣಕಯಂತ್ರ. ಅದು 'ಕೆಂಪುಗೋಟು' ಎಂಬುದನ್ನು 'ಬಿಳಿಗೋಟು' ಎಂದು ಗ್ರಹಿಸಿ ಬೇರೊಂದು ದರವನ್ನು ನುಡಿದರೆ, ಅದನ್ನು ನಂಬಿ ಮೂಟೆ ಸಾಗಿಸಿದವರಿಗೆ ನಷ್ಟವಾಗುತ್ತದೆ. ಆದುದರಿಂದ ಯಂತ್ರಕ್ಕೆ ಮಾತು ತಿಳಿಯುವುದೇ ಎಂಬುದಷ್ಟೇ ಇಲ್ಲಿಯ ಪ್ರಶ್ನೆಯಲ್ಲ; ತಿಳಿಯದಾಗ ಅದು ಹೇಗೆ ನಡೆದುಕೊಳ್ಳಬೇಕೆಂಬುದೂ ಅಷ್ಟೇ ಮುಖ್ಯ.

ಯಂತ್ರ ಕೇಳುವ ಬಗೆ

ಯಂತ್ರವು ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿನ ನೂರನೆಯ ಒಂದು ಭಾಗಕ್ಕೊಮ್ಮೆ ಅಳೆದು, ಆ ಅಳತೆಗಳಿಗೆ ಯಾವ ಪದ ಹೆಚ್ಚು ಹೊಂದುವುದೆಂದು ಲೆಕ್ಕಹಾಕುತ್ತದೆ. ಬಳಿಕ ಮಾತಿನ ಉದ್ದೇಶವನ್ನು ಗುರುತಿಸಿ, ದರದ ಪಟ್ಟಿಯನ್ನು ನೋಡಿ, ಉತ್ತರವನ್ನು ಧ್ವನಿಯಾಗಿ ನುಡಿಯುತ್ತದೆ. ಅದು ಕೇಳಿಸಿಕೊಂಡುದೆಲ್ಲವೂ ವಾಸ್ತವವಾಗಿ ಒಂದು ಊಹೆ. ಪ್ರತಿಯೊಂದು ಊಹೆಗೂ ಇಂತಿಷ್ಟು ನಂಬಿಕೆಯೆಂಬ ಒಂದು ಅಂಕವಿರುತ್ತದೆ.

1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ 'ಆಡ್ರಿ' ಎಂಬ ಯಂತ್ರವು ಪರಿಚಿತ ವ್ಯಕ್ತಿಯೊಬ್ಬನು ಬಿಡಿಬಿಡಿಯಾಗಿ ನುಡಿದ ಅಂಕೆಗಳನ್ನು ಗುರುತಿಸಿತು. ಹಳ್ಳಿಯ ದೂರವಾಣಿಯ ಪರಿಸ್ಥಿತಿಯೇ ಬೇರೆ. ಸಾಂಪ್ರದಾಯಿಕ ದೂರವಾಣಿಯು ಸೆಕೆಂಡಿಗೆ ಸುಮಾರು 300ರಿಂದ 3400 ಕಂಪನಗಳ ಧ್ವನಿಯನ್ನು ಮಾತ್ರ ಸಾಗಿಸುವುದರಿಂದ 'ಸ', 'ಶ'ಗಳ ಭೇದ ಮಸುಕಾಗುತ್ತದೆ. ಮಾಡಿನ ಮೇಲೆ ಸುರಿಯುವ ಮಳೆಯ ಸದ್ದು ಪದದ ಆದಿಯನ್ನೇ ನುಂಗಬಹುದು. ಕೆಂಪುಗೋಟು, ಬಿಳಿಗೋಟು, ಸಿಪ್ಪೆಗೋಟುಗಳಲ್ಲಿ ಉಳಿಯುವುದು 'ಗೋಟು' ಮಾತ್ರ! ಇನ್ನು ಆಡುನುಡಿ: ಗ್ರಂಥಭಾಷೆಯಲ್ಲಿ 'ಇದ್ದು' ಎಂದರೆ ಮುಗಿಯದ ವಾಕ್ಯ, ಸಾಗರದ ಹವ್ಯಕರ ಮಾತಿನಲ್ಲಿ ಅದೇ 'ಇದೆ'. ಪುಸ್ತಕದ ಕನ್ನಡವನ್ನಷ್ಟೇ ಕಲಿತ ಯಂತ್ರವು ಮುಂದಿನ ಮಾತಿಗಾಗಿ ಕಾಯುತ್ತಲೇ ಇದ್ದೀತು.

ಇದು ಕೇವಲ ಕಲ್ಪನೆಯ ಸಮಸ್ಯೆಯಲ್ಲ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯದ ಸಂಶೋಧಕರು ಕೃಷಿ ಉತ್ಪನ್ನಗಳ ದರ ಮತ್ತು ಹವಾಮಾನವನ್ನು ಕನ್ನಡದಲ್ಲಿ ಕೇಳಿ ತಿಳಿಯುವ ದೂರವಾಣಿ ವ್ಯವಸ್ಥೆಯೊಂದನ್ನು ರಚಿಸಿದರು. ಅದಕ್ಕಾಗಿ ಕರ್ನಾಟಕದ ರೈತರಿಂದ ಸಂಗ್ರಹಿಸಿದ ಧ್ವನಿಯಲ್ಲಿ ಗದ್ದಲವೂ ಬೆರೆತು, ಗುರುತಿಸುವಿಕೆ ಕುಂದಿತು. ಗದ್ದಲವನ್ನು ಕಳೆಯುವ ಗಣಿತ ವಿಧಾನವನ್ನು ಅವರು ಅಳವಡಿಸಬೇಕಾಯಿತು.

ಸಂದೇಹ ಬಂದಾಗ

ಗದ್ದಲವನ್ನು ಎಷ್ಟು ಕಳೆದರೂ ತಪ್ಪು ಪೂರ್ತಿ ಅಳಿಯದು. ಇಲ್ಲಿ ನಂಬಿಕೆಯ ಅಂಕ ನೆರವಾಗುತ್ತದೆ. ಅಂಕ ಹೆಚ್ಚಿದ್ದರೆ ಯಂತ್ರವು, "ಸಾಗರದಲ್ಲಿ ಕೆಂಪುಗೋಟಿನ ಇಂದಿನ ದರ..." ಎಂದು ಕೇಳಿಸಿಕೊಂಡುದನ್ನು ಉತ್ತರದೊಳಗೇ ಹೇಳಬಹುದು, ತಪ್ಪಿದ್ದರೆ ರೈತರು ಒಡನೆಯೇ ನಡುವೆ ಬಾಯಿ ಹಾಕಿ ತಿದ್ದಲು ಅವಕಾಶವಿರಬೇಕು. ಅಂಕ ಮಧ್ಯಮವಾಗಿದ್ದರೆ, "ತಾವು ಕೇಳಿದ್ದು ಕೆಂಪುಗೋಟೋ, ಬಿಳಿಗೋಟೋ?" ಎಂದು ವಿಚಾರಿಸಬೇಕು. ಅಂಕ ತೀರ ಕಡಮೆಯಾದರೆ, "ಸರಿಯಾಗಿ ಕೇಳಿಸಲಿಲ್ಲ" ಎಂದು ಒಪ್ಪಿಕೊಳ್ಳಬೇಕು.

ಹಾಗೆಂದು ಪ್ರತಿ ಮಾತಿಗೂ "ಹೌದೇ?" ಎಂದು ಕೇಳಿದರೆ ಮಾತನಾಡುವವರು ಬೇಸತ್ತು ಕರೆಯನ್ನೇ ಮುಗಿಸುತ್ತಾರೆ. ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದೂ ತರವಲ್ಲ. ಕಿವಿ ಮಂದವಾದವರೊಡನೆ ಆಡುವಂತೆ ನಾವು ಕೂಗಿ, ಎಳೆದು ನುಡಿಯತೊಡಗುತ್ತೇವೆ. ಸಹಜವಲ್ಲದ ಆ ಉಚ್ಚಾರಣೆ ಯಂತ್ರಕ್ಕೆ ಇನ್ನಷ್ಟು ಅಪರಿಚಿತ! ಎರಡು ಸಲ ಸೋತ ಯಂತ್ರವು ಕರೆಯನ್ನು ಮನುಷ್ಯರಿಗೆ ಒಪ್ಪಿಸುವುದೇ ಮೇಲು.

ಮನುಷ್ಯರೂ ತಪ್ಪಾಗಿ ಕೇಳಿಸಿಕೊಳ್ಳುವುದುಂಟು. ಆದರೆ ಸಂತೆಯ ಗದ್ದಲದಲ್ಲಿಯೂ ನಾವು "ಏನಂದಿರಿ?" ಎಂದು ಕೇಳಿ ವ್ಯವಹಾರವನ್ನು ಮುಗಿಸುತ್ತೇವೆ. ಯಂತ್ರವು ನಮ್ಮಿಂದ ಕಲಿಯಬೇಕಾದುದು ಮಾತನಾಡುವುದನ್ನು ಮಾತ್ರವಲ್ಲ, ಸಮಯವರಿತು ಮರಳಿ ಕೇಳುವ ಈ ವಿವೇಕವನ್ನು ಕೂಡ.