ನೀರಿನ ವಿಷ ಹಿಡಿಯುವ ಬೂಷ್ಟು



ಉಪ್ಪಿನಕಾಯಿ ಜಾಡಿಗೆ ಬೂಷ್ಟು ಬಂದರೆ ನಮಗೆಲ್ಲ ಬೇಸರ. ಈರುಳ್ಳಿ ಸಿಪ್ಪೆ ಬಿಡಿಸಿದಾಗ ಕೈಗೆ ಕಪ್ಪು ಪುಡಿ ಹತ್ತುತ್ತದೆ. ಅದೂ ಬೂಷ್ಟೇ. ಮಳೆ ಬಿದ್ದ ಮೇಲೆ ತಿಪ್ಪೆಯಲ್ಲಿ ಏಳುವ ಅಣಬೆಯೂ ಇದರ ನೆಂಟನೇ. ಇವಕ್ಕೆಲ್ಲ ಪುಸ್ತಕದಲ್ಲಿ ಶಿಲೀಂಧ್ರ ಅಂತ ಹೆಸರು. ಈ ಬೂಷ್ಟು ನೀರಿನಲ್ಲಿರುವ ವಿಷವನ್ನೂ ಹಿಡಿಯಬಲ್ಲದು. ಹೇಗೆ? ನೋಡೋಣ.

ಯಾವ ವಿಷ?

ಸೀಸ, ಪಾದರಸ, ಕ್ಯಾಡ್ಮಿಯಂ, ಕ್ರೋಮಿಯಂ. ಇವು ಭಾರ ಲೋಹಗಳು. ಹಳೆಯ ಬ್ಯಾಟರಿ ಒಡೆಯುವ ಕಡೆ ಸೀಸ ಮಣ್ಣಿಗೆ ಸೇರುತ್ತದೆ. ಕಬ್ಬಿಣದ ಸಾಮಾನಿಗೆ ಗಿಲೀಟು ಹಾಕುವ ಕಾರ್ಖಾನೆಯ ನೀರಿನಲ್ಲಿ ಕ್ರೋಮಿಯಂ ಇರುತ್ತದೆ. ಕೆಲವು ಬಣ್ಣಗಳಲ್ಲೂ ಲೋಹ ಇರುತ್ತದೆ. ಅಂಥ ಬಣ್ಣ ಬಳಿದ ಗಣಪತಿಯನ್ನು ಕೆರೆಗೆ ಬಿಟ್ಟರೆ ವಿಷ ಕೆರೆಗೇ ಸೇರುತ್ತದೆ.

ಬೆಂಗಳೂರಿನ ಪೀಣ್ಯದ ಹೆಸರು ಕೇಳಿರಬಹುದು. ದೊಡ್ಡ ಕೈಗಾರಿಕಾ ಪ್ರದೇಶ. ಅಲ್ಲಿ ಗಿಲೀಟು ಕಾರ್ಖಾನೆಗಳು ಬಹಳ. ಅಲ್ಲಿಯ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿದೆ. ಭೂಮಿಗೆ ಇಳಿದ ವಿಷ ಬೋರ್‌ವೆಲ್‌ನಲ್ಲಿ ಮೇಲೆ ಬರುತ್ತದೆ.

ಎಷ್ಟು ಇದ್ದರೆ ಅಪಾಯ?

ಕುಡಿಯುವ 1 ಲೀಟರ್ ನೀರಿನಲ್ಲಿ ಕ್ರೋಮಿಯಂ 0.05 ಮಿಲಿಗ್ರಾಂ ಮೀರಬಾರದು. ಇದು ನಮ್ಮ ದೇಶದ ನಿಯಮ. ಲೆಕ್ಕ ಹಾಕಿ ನೋಡಿ. 20,000 ಲೀಟರ್ ನೀರು ಆ ಮಿತಿ ಮುಟ್ಟಲು ಒಂದೇ ಒಂದು ಗ್ರಾಂ ಸಾಕು! 15 ಲೀಟರಿನ ಕೊಡವಾದರೆ 1,300ಕ್ಕೂ ಹೆಚ್ಚು ಕೊಡ ನೀರು.

ಬಹಳ ದಿನ ಇಂಥ ನೀರು ಕುಡಿದರೆ ಲಿವರ್, ಕಿಡ್ನಿ ಕೆಡಬಹುದು. ಕ್ಯಾನ್ಸರ್ ಭಯವೂ ಉಂಟು. ಸೀಸ ಮಕ್ಕಳ ಮೆದುಳಿಗೆ ಕೆಟ್ಟದ್ದು. ಮಗು ಕಲಿಯುವುದರಲ್ಲಿ ಹಿಂದೆ ಬೀಳುತ್ತದೆ. ಜಪಾನ್ ದೇಶದ ಮಿನಮಾಟ ಎಂಬ ಊರಿನಲ್ಲಿ ಕಾರ್ಖಾನೆಯ ಪಾದರಸ ಸಮುದ್ರ ಸೇರಿತು. ಅಲ್ಲಿಯ ಮೀನು ತಿಂದ ಜನರಿಗೆ ನರಗಳ ರೋಗ ಬಂತು. ಅದು ಬೆಳಕಿಗೆ ಬಂದದ್ದು 1956ರಲ್ಲಿ.

ಕುದಿಸಿದರೆ ಹೋಗುವುದಿಲ್ಲವೇ?

ಇಲ್ಲ. ಕುದಿಸಿದರೆ ರೋಗದ ಕ್ರಿಮಿ ಸಾಯುತ್ತದೆ, ಲೋಹ ಸಾಯುವುದಿಲ್ಲ. ನೀರು ಆವಿಯಾಗಿ ಕಮ್ಮಿಯಾಗುತ್ತದೆ, ಲೋಹ ಅಷ್ಟೇ ಉಳಿಯುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು.

ಬೂಷ್ಟು ಏನು ಮಾಡುತ್ತದೆ?

ಬೇಲಿ ಪಕ್ಕ ನಡೆದರೆ ಉತ್ತರಾಣಿ ಕಾಯಿ ಸೀರೆಗೆ ಅಂಟಿಕೊಳ್ಳುತ್ತದೆ, ಅಲ್ಲವೇ? ಹಾಗೇ ಬೂಷ್ಟಿನ ಮೈ ಗೋಡೆಗೆ ಲೋಹದ ಕಣ ಅಂಟುತ್ತದೆ. ಆ ಗೋಡೆಯಲ್ಲಿ ಕೈಟಿನ್ ಎಂಬ ವಸ್ತು ಇದೆ. ಏಡಿಯ ಚಿಪ್ಪಿನಲ್ಲಿರುವುದೂ ಅದೇ. ಬೂಷ್ಟು ಜೀವಂತ ಇರಬೇಕೆಂದೇನಿಲ್ಲ. ಸತ್ತು ಒಣಗಿದ ಬೂಷ್ಟೂ ಲೋಹ ಹಿಡಿಯುತ್ತದೆ. ಕೆಲವು ಬೂಷ್ಟುಗಳು ಹೆಚ್ಚು ವಿಷದ ಕ್ರೋಮಿಯಮ್ಮನ್ನು ಕಡಿಮೆ ವಿಷದ್ದಾಗಿ ಬದಲಾಯಿಸುತ್ತವೆ.

ಈರುಳ್ಳಿಯ ಆ ಕಪ್ಪು ಬೂಷ್ಟಿನ ಹೆಸರು ಆಸ್ಪರ್ಜಿಲಸ್ ನೈಜರ್. ಇದನ್ನು ಬೆಳೆಸಿ ಕಾರ್ಖಾನೆಯಲ್ಲಿ ಸಿಟ್ರಿಕ್ ಆಮ್ಲ, ಅಂದರೆ ನಿಂಬೆಯ ಹುಳಿ, ತಯಾರಿಸುತ್ತಾರೆ. ಆಮೇಲೆ ಉಳಿಯುವ ಬೂಷ್ಟು ಕಸ. ಆ ಕಸವನ್ನೇ ಒಣಗಿಸಿ, ಕೊಳವೆಯಲ್ಲಿ ತುಂಬಿ, ಕೊಳಕು ನೀರನ್ನು ಅದರ ಮೂಲಕ ಹರಿಸಬಹುದು. ಲೋಹ ಬೂಷ್ಟಿಗೆ ಅಂಟುತ್ತದೆ. ಆಮ್ಲದಲ್ಲಿ ತೊಳೆದರೆ ಲೋಹ ಬಿಡುತ್ತದೆ. ಬೂಷ್ಟನ್ನು ಮತ್ತೆ ಬಳಸಬಹುದು.

ಹಾಗಾದರೆ ಎಲ್ಲ ಕಡೆ ಯಾಕಿಲ್ಲ?

ಪ್ರಯೋಗಶಾಲೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಕಾರ್ಖಾನೆಯ ನೀರಿನಲ್ಲಿ ಹತ್ತಾರು ವಸ್ತು ಬೆರೆತಿರುತ್ತವೆ. ನೀರಿನ ಹುಳಿ ಹೆಚ್ಚು ಕಮ್ಮಿಯಾದರೆ ಅಂಟುವುದೂ ಹೆಚ್ಚು ಕಮ್ಮಿ. ಬೂಷ್ಟಿನ ಪುಡಿ ಕೊಳವೆ ಕಟ್ಟುತ್ತದೆ. ಇನ್ನೊಂದು ಮಾತು. ಲೋಹ ಮಾಯವಾಗುವುದಿಲ್ಲ, ನೀರಿನಿಂದ ಬೂಷ್ಟಿಗೆ ಹೋಗುತ್ತದೆ, ಅಷ್ಟೆ. ಆ ಬೂಷ್ಟನ್ನು ಚರಂಡಿಗೆ ಎಸೆದರೆ ಮಾಡಿದ್ದೆಲ್ಲ ದಂಡ.

ಮನೆಯಲ್ಲಿ ಇದನ್ನು ಮಾಡಲೇಬೇಡಿ. ಕೆಲವು ಬೂಷ್ಟುಗಳಲ್ಲೇ ವಿಷ ಇರುತ್ತದೆ. ಕಾರ್ಖಾನೆಯ ಮೋರಿ ಪಕ್ಕ ಎದ್ದ ಅಣಬೆ ಕಿತ್ತು ಸಾರು ಮಾಡಬೇಡಿ. ಮಣ್ಣಿನ ಲೋಹವನ್ನು ಅದು ಹೀರಿರುತ್ತದೆ.

ನಾವೇನು ಮಾಡಬೇಕು?

ಮೈಸೂರಿಗೆ ಕಾವೇರಿ, ಕಬಿನಿ ನೀರು ಬರುತ್ತದೆ. ಕುಡಿಯಲು, ಅಡಿಗೆಗೆ ನಲ್ಲಿ ನೀರು ಹಿಡಿಯಿರಿ. ಕಾರ್ಖಾನೆ, ಬ್ಯಾಟರಿ ಅಂಗಡಿ ಹತ್ತಿರದ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ಆರ್.ಓ. ಯಂತ್ರ ಲೋಹವನ್ನು ಬಹುಪಾಲು ತಡೆಯುತ್ತದೆ. ಆದರೆ ಅದರ ಒಳಗಿನ ಸಾಮಾನು ಕಾಲಕಾಲಕ್ಕೆ ಬದಲಾಯಿಸುತ್ತಿರಬೇಕು. ಗಣಪತಿ ತರುವಾಗ ಬಣ್ಣವಿಲ್ಲದ ಮಣ್ಣಿನ ಗಣಪತಿ ತನ್ನಿ.

ಸಾಮಾನ್ಯ ನೀರಿನ ಪರೀಕ್ಷೆಯಲ್ಲಿ ಲೋಹ ನೋಡದೇ ಇರಬಹುದು. ಆದ್ದರಿಂದ ಬಿಡಿಸಿ ಕೇಳಬೇಕು. ಈಗ ನಮಗೆ ಬರೆಯಲು ಬರುತ್ತದಲ್ಲ! ಓಣಿಯ ಹೆಂಗಸರು ಸೇರಿ ಮಹಾನಗರ ಪಾಲಿಕೆಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಡಿ. ಹೀಗೆ ಬರೆಯಿರಿ:

"ನಮ್ಮ ಬೀದಿಯ ಬೋರ್‌ವೆಲ್ ನೀರಿನಲ್ಲಿ ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ ಇದೆಯೇ ಎಂದು ಪರೀಕ್ಷಿಸಿ, ಫಲಿತಾಂಶವನ್ನು ನಮಗೆ ಬರಹದಲ್ಲಿ ತಿಳಿಸಬೇಕಾಗಿ ಕೋರುತ್ತೇವೆ."

ಕೆಳಗೆ ಎಲ್ಲರೂ ಸಹಿ ಹಾಕಿ. ಹೆಬ್ಬೆಟ್ಟು ಬೇಡ. ಅರ್ಜಿಯ ಒಂದು ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡು ಜೋಪಾನವಾಗಿ ಇಟ್ಟುಕೊಳ್ಳಿ.