ನಾಟಿ ಕೋಳಿ ಗಟ್ಟಿ ಎಂಬ ನಂಬಿಕೆ

ಫಾರಂ ಕೋಳಿ ಔಷಧಿಯ ಮೇಲೆ ಬದುಕುವ ಜೀವ, ಹಿತ್ತಲಲ್ಲಿ ಕೆದಕಿ ಮೇಯುವ ನಾಟಿ ಕೋಳಿಗೆ ರೋಗವೇ ತಾಗದು ಎಂಬ ಮಾತು ಹಳ್ಳಿಯಲ್ಲೂ ಇದೆ, ನಾಟಿ ಕೋಳಿಗೆ ಹೆಚ್ಚು ದುಡ್ಡು ಕೊಡುವ ಪೇಟೆಯಲ್ಲೂ ಇದೆ. ಕೊಕ್ಕರೆ ರೋಗದ ವಿಷಯದಲ್ಲಿ ಮಾತ್ರ ಇದು ನಿಲ್ಲುವುದಿಲ್ಲ. ಪಶುವೈದ್ಯರು ರಾಣಿಖೇತ್ ಎಂದು ಕರೆಯುವ ಈ ವೈರಸ್ ರೋಗ 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಕಂಡಿತು. ಮರುವರ್ಷ ಕುಮಾವ್ ಬೆಟ್ಟಗಳ ರಾಣಿಖೇತ್‌ನಲ್ಲಿ ವರದಿಯಾಯಿತು. ಇಂದಿನ ಬ್ರಾಯ್ಲರ್ ಶೆಡ್ಡುಗಳು ಆಗ ನಮ್ಮಲ್ಲಿ ಇರಲೇ ಇಲ್ಲ. ಫಾರಂ ಹುಟ್ಟುವ ಮೊದಲೇ ಇದ್ದ ರೋಗವನ್ನು ಫಾರಂನ ಕೂಸು ಎನ್ನುವುದು ಹೇಗೆ?

ಬಿಸಿಲು ತಡೆಯುವುದರಲ್ಲಿ, ಸಿಕ್ಕಿದ್ದನ್ನು ತಿಂದು ಬದುಕುವುದರಲ್ಲಿ ನಾಟಿ ಕೋಳಿ ಮುಂದು, ಅದು ನಿಜ. ಆದರೆ ಅದರ 'ಗಟ್ಟಿತನ'ದ ಲೆಕ್ಕವನ್ನು ನಾವು ಹಾಕುವುದು ಬದುಕುಳಿದ ಕೋಳಿಗಳಿಂದ. ಲಸಿಕೆ ಕಾಣದ ಹಿಂಡಿಗೆ ಉಗ್ರ ಬಗೆಯ ವೈರಸ್ ಹೊಕ್ಕರೆ ಹಸಿರು ಭೇದಿ, ಏದುಸಿರು, ತಿರುಚಿದ ಕುತ್ತಿಗೆ. ಹತ್ತರಲ್ಲಿ ಒಂಬತ್ತು ಸಾಯುವುದೂ ಉಂಟು. ಉಳಿದ ಒಂದಕ್ಕೆ ರೋಗನಿರೋಧಕ ಶಕ್ತಿ ಬಂದಿರುತ್ತದೆ, ಮುಂದಿನ ಸಲ ಅದು ಸಾಯುವುದಿಲ್ಲ, ನಾವು ತಳಿಯನ್ನು ಹೊಗಳುತ್ತೇವೆ. ಆ ಶಕ್ತಿ ಮೊಟ್ಟೆಯ ಮೂಲಕ ಮರಿಗೆ ಬಂದರೂ ಕೆಲವೇ ವಾರ ಉಳಿಯುತ್ತದೆ. ಫಾರಂನಲ್ಲಿ ಸಾವಿರ ಸತ್ತರೆ ಸುದ್ದಿ, ಹತ್ತು ಹಿತ್ತಲಲ್ಲಿ ಎಂಟೆಂಟು ಸತ್ತರೆ ಯಾರೂ ಬರೆದಿಡುವುದಿಲ್ಲ. ಎಷ್ಟೋ ಕೋಳಿಗಳು ಸಾಯುವ ಮೊದಲೇ ಸಾರಾಗುತ್ತವೆ, ಇಲ್ಲವೇ ಸಂತೆಗೆ ಹೋಗುತ್ತವೆ. ಅಪಾಯ ಇರುವುದು ಈ ಸಂತೆಯಲ್ಲೇ: ಸೋಂಕು ತಗುಲಿ ಲಕ್ಷಣ ಕಾಣಲು ಸಾಮಾನ್ಯವಾಗಿ ಐದಾರು ದಿನ ಬೇಕು, ಅಲ್ಲಿಯವರೆಗೆ ಕೋಳಿ ಚೆನ್ನಾಗಿಯೇ ಕಾಣುತ್ತದೆ.

'ಲಸಿಕೆ ಹಾಕಿಸಿದರೂ ಸತ್ತವಲ್ಲ' ಎಂಬ ಆಕ್ಷೇಪವನ್ನು ತಳ್ಳಿಹಾಕಬಾರದು, ಅಂಥ ಸಾವುಗಳು ಆಗುತ್ತವೆ. ಸೋಂಕು ಒಳಹೊಕ್ಕ ಮೇಲೆ ಹಾಕಿದ ಲಸಿಕೆ ಕಾಪಾಡದು. ಶಕ್ತಿ ಬರಲು ವಾರವಾದರೂ ಬೇಕು. ಇದರ ಲಸಿಕೆಗಳಲ್ಲಿ ಹೆಚ್ಚಿನವು ಜೀವಂತ ವೈರಸ್‌ನಿಂದ ಆದವು: 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಯಬೇಕು, ಕ್ಲೋರಿನ್ ಇರುವ ನಲ್ಲಿ ನೀರಿಗೆ ಬೆರೆಸಿದರೆ ಕೆಡುತ್ತವೆ. ವಯಸ್ಸೂ ಮುಖ್ಯ. ಐದರಿಂದ ಏಳನೇ ದಿನ ಕಣ್ಣಿಗೋ ಮೂಗಿಗೋ ಎಫ್1 ಅಥವಾ ಲಸೋಟಾ ಲಸಿಕೆಯ ಹನಿ, ಸುಮಾರು ಎಂಟು ವಾರಕ್ಕೆ ರೆಕ್ಕೆಯ ಕೆಳಗೆ ಆರ್‌2ಬಿ ಚುಚ್ಚುಮದ್ದು. ಎಳೆಮರಿಗೆ ಆರ್‌2ಬಿ ಚುಚ್ಚಿದರೆ ಲಸಿಕೆಯೇ ಕಾಯಿಲೆ ತರಬಹುದು. ಗಂಬೋರೋ ರೋಗ ಬಂದು ನಿರೋಧಕ ಶಕ್ತಿ ಕುಂದಿದ ಮರಿಗಳಲ್ಲೂ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಇವೆಲ್ಲ ಬಳಕೆಯ ಸೋಲುಗಳು. ಇದೇ ಲಸಿಕೆಗಳನ್ನು ನಂಬಿಯೇ ಫಾರಂಗಳು ನಡೆಯುತ್ತಿವೆ.

ಔಷಧಿ ಅಂಗಡಿಯ ಆಂಟಿಬಯಾಟಿಕ್ ಪುಡಿ ವೈರಸ್ಸನ್ನು ಕೊಲ್ಲುವುದಿಲ್ಲ, ಬೆಳ್ಳುಳ್ಳಿಯೂ ಅಷ್ಟೇ. ಪುಡಿ ಹಾಕಿದ ಮೇಲೆ ಚೇತರಿಸಿಕೊಂಡವು ಹೇಗೂ ಉಳಿಯುವಂಥವೇ ಆಗಿರಬಹುದು, ಅಥವಾ ಕಾಯಿಲೆ ಬೇರೆಯದೇ ಇದ್ದಿರಬಹುದು. ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ಕಣ್ಣಳತೆಯಲ್ಲಿ ಹೆಸರಿಡುವುದೂ ತಪ್ಪು. ಹಕ್ಕಿಜ್ವರವೂ ಹೀಗೇ ಕಾಣಬಲ್ಲದು, ಪ್ರಯೋಗಾಲಯವೇ ಹೇಳಬೇಕು.

ಹಿತ್ತಲಿನವರ ನಿಜವಾದ ತೊಡಕು ಮೂಢನಂಬಿಕೆಗಿಂತ ಬಾಟಲಿಯದು. ಲಸಿಕೆ ಬರುವುದು ಸಾಮಾನ್ಯವಾಗಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳ ಲೆಕ್ಕದಲ್ಲಿ, ಮನೆಯಲ್ಲಿರುವುದು ಹತ್ತು. ತೆರೆದದ್ದನ್ನು ನಾಳೆಗೆ ಇಡುವಂತಿಲ್ಲ. ಆದ್ದರಿಂದ ಹತ್ತಾರು ಮನೆಯವರು ಒಟ್ಟಾಗಿ ದಿನ ಗೊತ್ತುಮಾಡಿ, ಬೆಳಿಗ್ಗೆ ಗೂಡಿನ ಬಾಗಿಲು ತೆರೆಯುವ ಮೊದಲೇ ಹಾಕಿಸಿಕೊಳ್ಳಬೇಕು. ಬಿಟ್ಟ ಮೇಲೆ ನಾಟಿ ಕೋಳಿ ಹಿಡಿಯುವವರು ಯಾರು!