ಕೇಳಿದ್ದನ್ನಷ್ಟೇ ಬಡಿಸುವ ಟಿವಿ

ಕೇಬಲ್ ತೆಗೆಸಿ ಇಂಟರ್‌ನೆಟ್ಟಿನಲ್ಲೇ ಟಿವಿ ನೋಡುವ ಮನೆಗಳು ಈಗ ಯಾವ ಬೀದಿಗೆ ಹೋದರೂ ಸಿಗುತ್ತವೆ. ಗೋಡೆಯ ಮೇಲಿನ ಟಿವಿ ಹಳೆಯದೇ. ಎಷ್ಟೋ ಕಡೆ ತಂತಿ ಎಳೆದುಕೊಟ್ಟವರೂ ಹಳಬರೇ. ಕೇಬಲ್‌ನವರೇ ಈಗ ಫೈಬರ್ ನೆಟ್ಟನ್ನೂ ಕೊಡುತ್ತಾರೆ. ನೋಡುವುದೂ ಅದೇ ಧಾರಾವಾಹಿ, ಅದೇ ಕ್ರಿಕೆಟ್ಟು. ಆದರೆ ಪರದೆಯ ಹಿಂದಿನ ಏರ್ಪಾಡು ಪೂರ್ತಿ ತಲೆಕೆಳಗಾಗಿದೆ. ಯಾವ ಚಾನೆಲ್ ಎಂಬ ಆಯ್ಕೆ ಮೊದಲು ನಿಮ್ಮ ಮನೆಯ ಪೆಟ್ಟಿಗೆಯೊಳಗೆ ನಡೆಯುತ್ತಿತ್ತು, ಈಗ ತಂತಿಯ ಆಚೆ ತುದಿಯಲ್ಲಿ ನಡೆಯುತ್ತದೆ. ಚಿತ್ರ ನಿಂತು ಚಕ್ರ ಸುತ್ತುವುದೇಕೆ, ಪಕ್ಕದ ಮನೆಯವರು ಸಿಕ್ಸರ್‌ಗೆ ಕೂಗಿ ಮುಗಿಸಿದ ಮೇಲೆ ನಮ್ಮ ಟಿವಿಯಲ್ಲಿ ಬೌಲರ್ ಓಡಲು ಶುರುಮಾಡುವುದೇಕೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಈ ಒಂದು ಬದಲಾವಣೆಯಲ್ಲೇ ಇದೆ.

ಕೇಬಲ್ ಎಂದರೆ ಮದುವೆಮನೆಯ ಪಂಕ್ತಿ. ಎಲ್ಲರ ಎಲೆಗೂ ಎಲ್ಲವನ್ನೂ ಬಡಿಸಿಕೊಂಡು ಹೋಗುತ್ತಾರೆ, ತಿನ್ನುವುದು ಬಿಡುವುದು ನಿಮ್ಮಿಷ್ಟ. ಸ್ಟ್ರೀಮಿಂಗ್ ಎಂದರೆ ದರ್ಶಿನಿ. ಟೋಕನ್‌ನಲ್ಲಿ ಬರೆದದ್ದಷ್ಟೇ ಕೈಗೆ ಬರುತ್ತದೆ.

ಕೇಬಲ್‌ನವರ ಕಂಟ್ರೋಲ್ ರೂಮಿನ ಮೇಲೆ ದೊಡ್ಡ ಡಿಶ್‌ಗಳಿರುತ್ತವೆ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳಿಂದ ಇಳಿದ ಚಾನೆಲ್‌ಗಳನ್ನು ಬೇರೆ ಬೇರೆ ತರಂಗಾಂತರಗಳಲ್ಲಿ ಪಕ್ಕಪಕ್ಕಕ್ಕೆ ಕೂರಿಸಿ ಒಂದೇ ತಂತಿಗೆ ಬಿಡುತ್ತಾರೆ. ಹಳೆಯ ಅನಲಾಗ್ ಕಾಲದಲ್ಲಿ ಒಂದು ಚಾನೆಲ್ಲಿಗೇ 7 ಅಥವಾ 8 ಮೆಗಾಹರ್ಟ್ಸ್ ಜಾಗ ಬೇಕಿತ್ತು. ಹಾಗಾಗಿ ನೂರು ಚಾನೆಲ್ ದಾಟುವುದರೊಳಗೆ ತಂತಿ ಭರ್ತಿ. ಡಿಜಿಟಲ್ ಬಂದ ಮೇಲೆ ಅದೇ 8 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಮಾಹಿತಿ ಹರಿಯತೊಡಗಿತು, ಒಂದು ಚಾನೆಲ್ಲಿನ ಜಾಗದಲ್ಲಿ ಹತ್ತು ಚಾನೆಲ್ ಕೂತವು. ಬೆಂಗಳೂರು, ಮೈಸೂರುಗಳಲ್ಲಿ 2013ರಲ್ಲಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾದದ್ದು ಈ ಬದಲಾವಣೆಗಾಗಿಯೇ. 2019ರಲ್ಲಿ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ಹೊಸ ನಿಯಮ ತಂದು, ಬೇಕಾದ ಚಾನೆಲ್ಲಿಗಷ್ಟೇ ದುಡ್ಡು ಕೊಡಿ ಎಂದಿತು. ಆಗಲೂ ತಂತಿಯಲ್ಲಿ ಎಲ್ಲ ಚಾನೆಲ್‌ಗಳೂ ಬರುತ್ತಲೇ ಇದ್ದವು. ದುಡ್ಡು ಕಟ್ಟದವುಗಳ ಬೀಗವನ್ನು ಬಾಕ್ಸ್ ತೆಗೆಯುತ್ತಿರಲಿಲ್ಲ, ಅಷ್ಟೆ. ಆಯ್ಕೆ ಬಂದದ್ದು ಬಿಲ್ಲಿಗೆ, ತಂತಿಗಲ್ಲ.

ಈ ಪದ್ಧತಿಯ ದೊಡ್ಡ ಗುಣ ಎಂದರೆ ನೋಡುವವರು ಹೆಚ್ಚಿದರೂ ಕಂಟ್ರೋಲ್ ರೂಮಿನ ಕೆಲಸ ಹೆಚ್ಚುವುದಿಲ್ಲ. ಊರಿಗೂರೇ ಒಂದೇ ಪಂದ್ಯ ನೋಡಲಿ, ಎಲ್ಲರೂ ಟಿವಿ ಆರಿಸಿ ಮಲಗಲಿ, ತಂತಿಯಲ್ಲಿ ಹರಿಯುವುದು ಅಷ್ಟೇ.

ಸ್ಟ್ರೀಮಿಂಗ್‌ನಲ್ಲಿ ನೀವು ಕೇಳುವವರೆಗೆ ಏನೂ ಹೊರಡುವುದಿಲ್ಲ. ಕೇಳಿದ್ದಾದರೂ ಇಡಿಯಾಗಿ ಬರುವುದಿಲ್ಲ. ಸಿನಿಮಾವನ್ನು ಮೊದಲೇ ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಮಸುಕಿನಿಂದ ಸ್ಫುಟದವರೆಗೆ ನಾಲ್ಕಾರು ಪ್ರತಿಗಳನ್ನು ಮಾಡಿಟ್ಟಿರುತ್ತಾರೆ. ಆಪಲ್ ಕಂಪನಿ 2009ರಲ್ಲಿ ಐಫೋನಿಗಾಗಿ ತಂದ ಎಚ್‌ಎಲ್‌ಎಸ್ ವಿಧಾನದಿಂದ ಈ ಪದ್ಧತಿ ಮನೆಮಾತಾಯಿತು. ಪ್ಲೇ ಒತ್ತಿದ ಕೂಡಲೇ ಟಿವಿಗೆ ಮೊದಲು ಬರುವುದು ಚಿತ್ರವಲ್ಲ, ಒಂದು ಪಟ್ಟಿ. ಯಾವ ತುಂಡು, ಯಾವ ಗುಣಮಟ್ಟದ್ದು, ಯಾವ ವಿಳಾಸದಲ್ಲಿದೆ ಎಂಬ ಸಾದಾ ಅಕ್ಷರಗಳ ಕಡತ ಅದು. ಆಮೇಲೆ ಟಿವಿಯಲ್ಲಿರುವ ಆ್ಯಪ್ ಒಂದೊಂದೇ ತುಂಡನ್ನು ಕೇಳಿ ತರಿಸಿಕೊಳ್ಳುತ್ತದೆ.

ಈಗಿನ ತುಂಡು ಪರದೆಯ ಮೇಲೆ ಓಡುತ್ತಿರುವಾಗಲೇ ಮುಂದಿನ ಕೆಲವನ್ನು ತಂದು ಕೂಡಿಟ್ಟುಕೊಳ್ಳುವುದು ಆ್ಯಪ್‌ನ ಕೆಲಸ. ಆ ದಾಸ್ತಾನಿಗೇ ಬಫರ್ ಎನ್ನುವುದು. ದಾಸ್ತಾನು ಕರಗುತ್ತಿದ್ದರೆ ಮುಂದಿನ ತುಂಡಿಗೆ ಕಡಿಮೆ ಗುಣಮಟ್ಟದ್ದನ್ನು ಕೇಳುತ್ತದೆ, ತುಂಬಿದ್ದರೆ ಉತ್ತಮವಾದದ್ದನ್ನು. ಸ್ಟ್ಯಾನ್‌ಫರ್ಡ್ ಮತ್ತು ನೆಟ್‌ಫ್ಲಿಕ್ಸ್ ಸಂಶೋಧಕರು 2014ರಲ್ಲಿ ಒಂದು ಸ್ವಾರಸ್ಯ ತೋರಿಸಿದರು. ನೆಟ್ಟಿನ ವೇಗ ಇನ್ನು ಎಷ್ಟಿದ್ದೀತು ಎಂದು ಊಹಿಸುತ್ತ ಕೂರುವುದಕ್ಕಿಂತ, ದಾಸ್ತಾನು ಎಷ್ಟಿದೆ ಎಂಬುದೊಂದನ್ನೇ ನೋಡಿ ತೀರ್ಮಾನಿಸಿದರೆ ಚಿತ್ರ ನಿಲ್ಲುವುದು ಕಡಿಮೆಯಾಗುತ್ತದಂತೆ. ಶುರುವಿನಲ್ಲಿ ನಟರ ಮುಖ ಮಸುಕಾಗಿದ್ದು, ಕ್ಷಣಾರ್ಧದಲ್ಲಿ ಕೆನ್ನೆಯ ಮಚ್ಚೆಯೂ ಕಾಣುವಷ್ಟು ತಿಳಿಯಾಗುವುದು ಈ ಲೆಕ್ಕಾಚಾರದಿಂದಲೇ. ಬೇಗ ಶುರುವಾಗಲಿ ಎಂದು ಮೊದಲ ತುಂಡುಗಳನ್ನು ಹಗುರವಾದ ಪ್ರತಿಯಿಂದ ತರಿಸಿರುತ್ತದೆ. ಚಕ್ರ ಸುತ್ತತೊಡಗಿತೆಂದರೆ ದಾಸ್ತಾನು ಪೂರ್ತಿ ಬರಿದಾಯಿತೆಂದೇ ಅರ್ಥ.

ಇಷ್ಟಾದರೂ ಚಿತ್ರವನ್ನು ಕುಗ್ಗಿಸುವ ಗಣಿತವಿಲ್ಲದೆ ಇದೊಂದೂ ನಡೆಯುತ್ತಿರಲಿಲ್ಲ. ಫುಲ್ ಎಚ್‌ಡಿ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಪ್ರತಿ ಚುಕ್ಕೆಗೆ 24 ಬಿಟ್, ಸೆಕೆಂಡಿಗೆ 25 ಚಿತ್ರ ಎಂದರೆ ಸುಮಾರು 124 ಕೋಟಿ ಬಿಟ್ ಆಯಿತು. ಮನೆಗೆ ಬರುವುದು ಸುಮಾರು 50 ಲಕ್ಷ ಬಿಟ್, ಅಂದರೆ ಇನ್ನೂರೈವತ್ತರಲ್ಲಿ ಒಂದು ಪಾಲು. ಉಳಿದದ್ದು ಎಲ್ಲಿ ಹೋಯಿತು?

ಇದರ ಬುಡದಲ್ಲಿರುವವರು ಬೆಂಗಳೂರಿನಲ್ಲಿ ಹುಟ್ಟಿ, ಇಂದು ಯುವಿಸಿಇ ಎನ್ನುವ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ನಾಸಿರ್ ಅಹ್ಮದ್. ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ, 1972ರಲ್ಲಿ, ಕೊಸೈನ್ ಅಲೆಗಳನ್ನು ಬಳಸಿ ಚಿತ್ರ ಕುಗ್ಗಿಸುವ ಯೋಚನೆಗೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಅನುದಾನ ಕೇಳಿದರು. ತೀರಾ ಸರಳವಾಯಿತೆಂಬ ಅಭಿಪ್ರಾಯ ಬಂದು ಅರ್ಜಿ ತಿರಸ್ಕೃತವಾಯಿತು. ಅವರು ಬಿಡದೆ ಶಿಷ್ಯ ಟಿ. ನಟರಾಜನ್ ಮತ್ತು ಗೆಳೆಯ ಕೆ. ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಡಿಸಿಟಿ ಎಂದು ಹೆಸರಾದ ಆ ವಿಧಾನದ ಕೆಲಸ ಹೀಗೆ: ಚಿತ್ರವನ್ನು ಎಂಟಕ್ಕೆಂಟು ಚುಕ್ಕೆಗಳ ಚೌಕಗಳಾಗಿ ಮಾಡಿಕೊಂಡರೆ ಒಂದು ಚೌಕದಲ್ಲಿ 64 ಅಂಕಿಗಳು. ಅವನ್ನು ನಿಧಾನವಾಗಿ ಬದಲಾಗುವ ಅಲೆಯಿಂದ ಹಿಡಿದು ಅತಿ ವೇಗವಾಗಿ ಬದಲಾಗುವ ಅಲೆಯವರೆಗೆ 64 ಅಲೆಗಳ ಅಳತೆಗಳಾಗಿ ಮಾರ್ಪಡಿಸುತ್ತದೆ. ಆಕಾಶ, ಗೋಡೆ, ಮುಖ ಇವೆಲ್ಲ ಬಹುಪಾಲು ನಯವಾಗಿಯೇ ಇರುವುದರಿಂದ ಮೊದಲ ಕೆಲವೇ ಅಳತೆಗಳು ದೊಡ್ಡವಾಗಿ, ಉಳಿದವು ಸೊನ್ನೆಯ ಆಸುಪಾಸಿನಲ್ಲಿ ಬೀಳುತ್ತವೆ. ಆ ಸಣ್ಣವನ್ನು ಕೈಬಿಟ್ಟರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಇದರ ಜೊತೆಗೆ ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳಿಸುವ ಉಪಾಯವೂ ಸೇರಿತು. ವಾರ್ತೆ ಓದುವವರ ಬೆನ್ನ ಹಿಂದಿನ ಗೋಡೆಯನ್ನು ಸೆಕೆಂಡಿಗೆ 25 ಸಲ ಕಳಿಸುವ ಅಗತ್ಯವೇನು? ಜೋರು ಮಳೆಯ ದೃಶ್ಯದಲ್ಲಿ ಚಿತ್ರ ಕಲಸಿದಂತಾಗುವುದೂ ಇದರಿಂದಲೇ. ಅಲ್ಲಿ ನಯವಾದದ್ದೂ ಇಲ್ಲ, ಕದಲದೆ ಇರುವುದೂ ಇಲ್ಲ. ಡಿಜಿಟಲ್ ಕೇಬಲ್ಲೂ ಇದೇ ಗಣಿತದ ಮೇಲೆ ನಿಂತಿದೆ. ಆದರೆ ಅದಿಲ್ಲದೆ ಕೇಬಲ್ ಬದುಕಿತ್ತು, ಸ್ಟ್ರೀಮಿಂಗ್ ಹುಟ್ಟುತ್ತಲೇ ಇರಲಿಲ್ಲ.

ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕಳಿಸಬೇಕು ಎಂಬುದೇ ಸ್ಟ್ರೀಮಿಂಗ್‌ನ ದುಬಾರಿ ಗುಣ. ಎಲ್ಲರ ಕೋರಿಕೆಯೂ ಸಾಗರ ದಾಟಿ ಹೋಗಿಬಂದರೆ ಸಮುದ್ರದಡಿಯ ತಂತಿಗಳು ತಡೆಯುವುದಿಲ್ಲ. ಅದಕ್ಕಾಗಿ ಜನಪ್ರಿಯ ಸಿನಿಮಾಗಳ ಪ್ರತಿಗಳನ್ನು ಊರೂರಿನ ಸರ್ವರ್‌ಗಳಲ್ಲಿ ಇಟ್ಟಿರುತ್ತಾರೆ. ನೆಟ್‌ಫ್ಲಿಕ್ಸ್ ತನ್ನ ಪೆಟ್ಟಿಗೆಗಳನ್ನು ಇಂಟರ್‌ನೆಟ್ ಕಂಪನಿಗಳ ಕಟ್ಟಡದೊಳಗೇ ಇಡಿಸಿ, ಜನ ಮಲಗಿರುವ ಹೊತ್ತಿನಲ್ಲಿ ನಾಳೆ ಬೇಕಾಗುವುದನ್ನು ಅವುಗಳಿಗೆ ತುಂಬುತ್ತದೆ.

ನೇರಪ್ರಸಾರದಲ್ಲಿ ಹೀಗೆ ಮೊದಲೇ ತುಂಬಿಡಲಾಗದು. 2023ರ ವಿಶ್ವಕಪ್ ಫೈನಲ್ ಅನ್ನು ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಮಂದಿ ನೋಡಿದರು. ತಲೆಗೆ ಬರೀ 2 ಮೆಗಾಬಿಟ್ ಎಂದು ಹಿಡಿದರೂ ಸೆಕೆಂಡಿಗೆ 118 ಲಕ್ಷ ಕೋಟಿ ಬಿಟ್! ಎಂಜಿನಿಯರುಗಳಿಗೆ ಜನ ಬರುವುದಕ್ಕಿಂತ ಹೋಗುವುದೇ ಹೆಚ್ಚು ದಿಗಿಲು. 2019ರ ಸೆಮಿಫೈನಲ್‌ನಲ್ಲಿ ಎರಡೂವರೆ ಕೋಟಿ ಜನ ನೋಡುತ್ತಿದ್ದಾಗ ಧೋನಿ ರನೌಟ್ ಆದರು. ಬೇಸತ್ತ ಪ್ರೇಕ್ಷಕರು ಬ್ಯಾಕ್ ಒತ್ತಿದರೆ ಆ್ಯಪ್ ಮುಚ್ಚುವುದಿಲ್ಲ, ಮುಖಪುಟ ತೆರೆಯುತ್ತದೆ. ಪಂದ್ಯದ ತುಂಡು ಎಲ್ಲರಿಗೂ ಒಂದೇ. ಮುಖಪುಟವನ್ನು ಮಾತ್ರ ಒಬ್ಬೊಬ್ಬರಿಗೂ ಅವರವರ ಅಭಿರುಚಿಯಂತೆ ಕಟ್ಟಿಕೊಡಬೇಕು. ಪಂದ್ಯ ಬಿಟ್ಟು ಹೋಗುವವರೇ ಸರ್ವರ್‌ಗಳ ಮೇಲೆ ಮುಗಿಬಿದ್ದಂತಾಗುತ್ತದೆ. ಇಂಥ ಗಳಿಗೆಗೆಂದೇ ಶಿಫಾರಸುಗಳಂಥ ಅಲಂಕಾರಗಳನ್ನು ಪಟ್ಟನೆ ಆರಿಸುವ ಏರ್ಪಾಡು ಮಾಡಿಟ್ಟಿರುತ್ತಾರೆ.

ಪಕ್ಕದ ಮನೆಯ ಕೂಗಿನ ಗುಟ್ಟೂ ಇಲ್ಲಿಯೇ. ಆಪಲ್ ಹೇಳುವ ಅಳತೆಯಲ್ಲಿ ಒಂದು ತುಂಡಿಗೆ 6 ಸೆಕೆಂಡು. ತುಂಡು ಪೂರ್ತಿಯಾಗದೆ ಪಟ್ಟಿಗೆ ಸೇರುವುದಿಲ್ಲ, ದಾಸ್ತಾನಿರಲಿ ಎಂದು ಆ್ಯಪ್ ಮೂರು ತುಂಡು ಹಿಂದಿನಿಂದ ಶುರುಮಾಡುತ್ತದೆ. ಅಲ್ಲಿಗೇ 18 ಸೆಕೆಂಡು. ಕುಗ್ಗಿಸಿ ಸಾಗಿಸುವ ಹೊತ್ತು ಬೇರೆ. ಕೇಬಲ್ಲಿನಲ್ಲೂ ಕೆಲವು ಸೆಕೆಂಡು ತಡವಿದೆ, ಆದರೆ ಕೇಬಲ್ ಇಟ್ಟುಕೊಂಡ ಪಕ್ಕದ ಮನೆಯವರು ಮೊದಲು ಕೂಗಲು ಉಳಿದ ಅಂತರ ಸಾಕು. ತುಂಡುಗಳನ್ನು ಚಿಕ್ಕದು ಮಾಡಿ ತಡವನ್ನು ಇಳಿಸಬಹುದು. ಆದರೆ ತಡದ ಜೊತೆ ದಾಸ್ತಾನೂ ಇಳಿಯುತ್ತದೆ, ದಾಸ್ತಾನು ಇಳಿದಷ್ಟೂ ಚಕ್ರ ಸುತ್ತುವ ಭಯ ಏರುತ್ತದೆ.

ಆಯ್ಕೆ ಮನೆಯಿಂದಾಚೆ ಹೋದಾಗ ಅದರ ಲೆಕ್ಕವೂ ಆಚೆ ಹೋಯಿತು. ಕೇಬಲ್ ಮನೆಯಲ್ಲಿ ನೀವೇನು ನೋಡಿದಿರಿ ಎಂಬುದು ಹಳೆಯ ಏಕಮುಖ ತಂತಿಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ಟಿಆರ್‌ಪಿಗೆಂದು ಆಯ್ದ ಮನೆಗಳಲ್ಲಿ ಮೀಟರ್ ಇಡಬೇಕಾಯಿತು. ಸ್ಟ್ರೀಮಿಂಗ್‌ನಲ್ಲಿ ಪ್ರತಿ ತುಂಡನ್ನೂ ಕೇಳಿಯೇ ಪಡೆಯಬೇಕಾದ್ದರಿಂದ, ಎಲ್ಲಿ ನಿಲ್ಲಿಸಿದಿರಿ, ಯಾವ ಹಾಡು ಹಾರಿಸಿದಿರಿ ಎಂಬುದೆಲ್ಲ ದಾಖಲೆ.

ಹಾಗಾದರೆ ಕೇಬಲ್ ತೆಗೆಸಬಹುದೇ? ಬಿಡುವಾದಾಗ ಸಿನಿಮಾ, ಸರಣಿ ನೋಡುವ ಮನೆಗೆ ಧಾರಾಳವಾಗಿ. ಬೆಳಗಿನಿಂದ ರಾತ್ರಿವರೆಗೆ ಸುದ್ದಿ, ಧಾರಾವಾಹಿ ಓಡುತ್ತಲೇ ಇರುವ ಮನೆಗೆ ಎಲ್ಲರಿಗೂ ಒಟ್ಟಿಗೆ ಬಡಿಸುವ ಪದ್ಧತಿಯೇ ಇಂದಿಗೂ ಅಗ್ಗ. ಫುಲ್ ಎಚ್‌ಡಿಗೆ ಒಂದು ಟಿವಿಗೆ 5 ಮೆಗಾಬಿಟ್, ಅಂದರೆ ಗಂಟೆಗೆ ಎರಡೂಕಾಲು ಜಿಬಿ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ಒಂದು ಗಂಟೆಯೂ ಬಾರದು. ಫೈಬರ್ ಇದ್ದರೆ ಆ ಚಿಂತೆಯಿಲ್ಲ. ಆದರೂ ವೇಗವನ್ನು ಬೆಳಿಗ್ಗೆ ಅಳೆದು ಸಮಾಧಾನಪಡಬೇಡಿ. ಬೀದಿಯವರೆಲ್ಲ ಟಿವಿ ಮುಂದೆ ಕೂತ ರಾತ್ರಿ ಒಂಬತ್ತಕ್ಕೆ ಅಳೆದು, ಆಮೇಲೆ ಕೇಬಲ್‌ನವರಿಗೆ ಫೋನ್ ಮಾಡಿ.